ಶವಾಗಾರದಲ್ಲಿ ರಾತ್ರಿ ಪಾಳಿ, ಹೊರಗೊಬ್ಬ ಸರಣಿ ಹಂತಕ: 'ನಾಟೆವಾಗ್ಟೆನ್' ಇಂದಿಗೂ ಏಕೆ ಹೆದರಿಸುತ್ತದೆ?

ಕತ್ತಲಕೋಣೆ

ಹಂತಕ ಯಾರೆಂಬುದು ಈ ಚರ್ಚೆಯಲ್ಲಿ ಬಯಲಾಗುತ್ತದೆ. ನೋಡದವರು ಸಿನಿಮಾ ಮುಗಿಸಿಕೊಂಡು ಬನ್ನಿ, ಆಮೇಲೆ ಬೈಯಬೇಡಿ.

ಓಲೆ ಬೋರ್ನೆಡಾಲ್ ನಿರ್ದೇಶಿಸಿದ ಈ ಡೆನ್ಮಾರ್ಕ್ ಚಿತ್ರ 1994ರದು. ಕಾನೂನು ಓದುತ್ತಿರುವ ಮಾರ್ಟಿನ್ (ನಿಕೊಲಾಯ್ ಕೋಸ್ಟರ್-ವಾಲ್ಡೌ) ಕೈಖರ್ಚಿಗೆಂದು ಶವಾಗಾರದ ರಾತ್ರಿ ಕಾವಲಿಗೆ ಸೇರುತ್ತಾನೆ. ಅದೇ ದಿನಗಳಲ್ಲಿ ನಗರದಲ್ಲಿ ಯಾರೋ ಲೈಂಗಿಕ ಕಾರ್ಯಕರ್ತೆಯರನ್ನು ಕೊಂದು ತಲೆಯ ಚರ್ಮ ಸುಲಿಯುತ್ತಿದ್ದಾನೆ. ಸತ್ತವರು ಬಂದು ಮಲಗುವುದು ಮಾರ್ಟಿನ್ ಕಾಯುವ ಕೋಣೆಯಲ್ಲಿಯೇ. ತನಿಖೆ ನಡೆಸುವವನು ವೋರ್ಮರ್ (ಉಲ್ಫ್ ಪಿಲ್ಗಾರ್ಡ್) ಎಂಬ ಪೊಲೀಸ್ ಅಧಿಕಾರಿ.

ಈ ಚಿತ್ರದ ಬಗ್ಗೆ ಬರೆದವರೆಲ್ಲ ಹೆಣಗಳ ಬಗ್ಗೆ ಬರೆಯುತ್ತಾರೆ. ನನಗೆ ಕಾಣುವುದು ಅಲ್ಲಿನ ಡ್ಯೂಟಿ. ಹೊಸ ಕಾವಲುಗಾರನಿಗೆ ಹಳಬ ಕೆಲಸ ವಹಿಸಿಕೊಡುವ ದೃಶ್ಯ ನೆನಪಿಸಿಕೊಳ್ಳಿ. ಗಸ್ತು ಹೊಡೆದದ್ದಕ್ಕೆ ಸಾಕ್ಷಿಯಾಗಿ ತಿರುಗಿಸಬೇಕಾದ ಕೀಲಿಯನ್ನು ಶವಗಳ ಕೋಣೆಯ ಬಾಗಿಲ ಬಳಿ ಇಟ್ಟಿಲ್ಲ, ಆಚೆ ತುದಿಯ ಗೋಡೆಯಲ್ಲಿ ಇಟ್ಟಿದ್ದಾರೆ. ಎರಡೂ ಬದಿ ಹೊದಿಸಿ ಮಲಗಿಸಿದ ದೇಹಗಳ ನಡುವೆ ಹೋಗಬೇಕು, ಕೀಲಿ ತಿರುಗಿಸಬೇಕು, ಅಷ್ಟೇ ದಾರಿ ಹಿಂದಿರುಗಬೇಕು. ಹೋಗುವುದಕ್ಕಿಂತ ಬರುವುದೇ ಭಯಂಕರ, ಏಕೆಂದರೆ ಆಗ ಎಲ್ಲವೂ ಬೆನ್ನಿಗಿರುತ್ತದೆ. ಯಾವ ದೆವ್ವವೂ ಬೇಕಾಗಿಲ್ಲ. ಕೆಲಸದ ನಿಯಮವೇ ನಮ್ಮನ್ನು ಆ ಕೋಣೆಯೊಳಗೆ ದೂಡುತ್ತದೆ.

ಹೆಚ್ಚಿನ ಭಯಾನಕ ಚಿತ್ರಗಳಲ್ಲಿ ನಾನು ಕೇಳುವ ಪ್ರಶ್ನೆ, 'ಅಯ್ಯಾ, ನೀನು ಅಲ್ಲಿಗೆ ಹೋಗುವುದಾದರೂ ಏಕೆ?' ಇಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಹೋಗದಿದ್ದರೆ ಸಂಬಳ ಇಲ್ಲ.

ನಿಮ್ಮ ಅಭಿಪ್ರಾಯ ಹೇಳಿ. ಶವಾಗಾರದ ಬೇರೆ ಚಿತ್ರಗಳಿದ್ದರೆ ಅವೂ ಬರಲಿ.

ಕೊನೆಯ ಸಾಲು

ಒಳ್ಳೆಯ ಗಮನಿಕೆ. ಆದರೆ ಹಂತಕನ ವಿಷಯದಲ್ಲಿ ಚಿತ್ರ ಸೋಲುತ್ತದೆ ಎನ್ನುವುದು ನನ್ನ ದೂರು. ವೋರ್ಮರ್ ಮೊದಲ ಬಾರಿ ತೆರೆಗೆ ಬಂದು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಮೃದುವಾಗಿ ಮಾತನಾಡಿದಾಗಲೇ ನನಗೆ ಅನುಮಾನ ಬಂದಿತ್ತು. ಪಳಗಿದ ಪ್ರೇಕ್ಷಕರಿಗೆ ಇದು ಒಗಟೇ ಅಲ್ಲ.

ಕತ್ತಲಕೋಣೆ

ಒಗಟೆಂದು ನೋಡಿದರೆ ನೀವು ಹೇಳುವುದು ಸರಿ. ಆದರೆ ಚಿತ್ರ ತಾನೇ ಕೊನೆಯವರೆಗೆ ಗುಟ್ಟು ಕಾಯುವುದಿಲ್ಲ, ಅಂತಿಮ ಘಟ್ಟಕ್ಕೆ ಮುಂಚೆಯೇ ನಮಗೆ ತಿಳಿಸುತ್ತದೆ. ಆಮೇಲಿನ ಆತಂಕವೆಲ್ಲ ಇನ್ನೊಂದು: ಅನುಮಾನ ಮಾರ್ಟಿನ್ ಮೇಲೆ ತಿರುಗುತ್ತಿದೆ, ಅವನು ದೂರು ಕೊಡಬೇಕಾದದ್ದು ಹಂತಕನಿಗೇ. ಯಾರ ಕೈಗೆ ಆ ಕಟ್ಟಡದ ಬಾಗಿಲು ಪ್ರಶ್ನೆಯಿಲ್ಲದೆ ತೆರೆಯುತ್ತದೋ ಅವನೇ ಕೊಲೆಗಾರ. ಮುಖವಾಡ ತೊಟ್ಟು ಕಿಟಕಿ ಒಡೆದು ಬರುವವನಿಗಿಂತ, ಗುರುತಿನ ಚೀಟಿ ತೋರಿಸಿ ನಮಸ್ಕರಿಸಿ ಒಳಗೆ ಬರುವವನು ನನ್ನನ್ನು ಹೆಚ್ಚು ಕಾಡುತ್ತಾನೆ.

ಲ್ಯಾಬ್ ಕೋಟು

ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ, ಶವಪರೀಕ್ಷೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಈ ಬಗೆಯ ಸಿನಿಮಾ ಹಾಕಿದರೆ ನನ್ನ ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಉದ್ದಕ್ಕೂ ಗೊಣಗುತ್ತಿರುತ್ತೇನೆ. ಇಲ್ಲಿಯೂ ಸ್ವಲ್ಪ ಗೊಣಗಲು ಬಿಡಿ.

ಮೊದಲನೆಯದು ಬೆಳಕು. ಯಾವ ಶವಾಗಾರವೂ ನೀಲಿ ಮಬ್ಬಿನಲ್ಲಿ ಮುಳುಗಿರುವುದಿಲ್ಲ. ಕೆಲಸದ ಜಾಗ ಅದು, ಕಣ್ಣು ಕುಕ್ಕುವಷ್ಟು ಬಿಳಿ ಬೆಳಕು ಇರುತ್ತದೆ. ಎರಡನೆಯದು ಸದ್ದು. ಶೀತಲ ಕೋಣೆಯ ಕಂಪ್ರೆಸರ್ ಗುಂಯ್‌ಗುಡುತ್ತಲೇ ಇರುತ್ತದೆ, ಮೌನವೆಂಬುದೇ ಇಲ್ಲ. ಮೂರನೆಯದು, ಪ್ರತಿ ಚಿತ್ರದಲ್ಲಿಯೂ ಹೆಣದ ಕೈ ಹೊದಿಕೆಯಿಂದ ಹೊರಗೆ ಜಾರಿ ಜೋತಾಡುತ್ತದೆ. ಸತ್ತ ಎರಡರಿಂದ ನಾಲ್ಕು ಗಂಟೆಗಳಲ್ಲಿ ದವಡೆ, ಮುಖ ಬಿಗಿಯತೊಡಗುತ್ತವೆ. ಸುಮಾರು ಹನ್ನೆರಡು ಗಂಟೆಗಳ ಹೊತ್ತಿಗೆ ಇಡೀ ದೇಹ ಮರಗಟ್ಟಿರುತ್ತದೆ. ಮರಗಟ್ಟಿದ ತೋಳು ಜೋತಾಡುವುದಿಲ್ಲ. ಆ ಬಿಗಿತ ಬಿಟ್ಟ ಮೇಲೆ ಜೋತಾಡಬಹುದು, ಆದರೆ ತಣ್ಣನೆಯ ಕೋಣೆಯಲ್ಲಿ ಬಿಡಲು ಇನ್ನೂ ಹೆಚ್ಚು ಕಾಲ ಬೇಕು.

ಆದರೆ ಹೆಣ ನರಳುವುದು ಮಾತ್ರ ಸುಳ್ಳಲ್ಲ. ದೇಹವನ್ನು ಮಗ್ಗುಲಿಗೆ ಹೊರಳಿಸಿದಾಗ ಶ್ವಾಸಕೋಶದಲ್ಲಿ ಉಳಿದ ಗಾಳಿ ಗಂಟಲಿನಿಂದ ಹೊರಬಂದು ಸದ್ದು ಮಾಡುವುದುಂಟು. ಕಾರಣ ಗೊತ್ತಿದ್ದರೂ ಮೊದಲ ಸಲ ಕೇಳಿದವರ ಎದೆ ಹೊಡೆದುಕೊಳ್ಳುತ್ತದೆ.

ಧ್ವನಿಪಥ

ಲ್ಯಾಬ್ ಕೋಟು ಮೇಡಂ, ನೀವು ಹೇಳಿದ ಕಂಪ್ರೆಸರ್ ವಿಷಯವನ್ನು ಧ್ವನಿ ವಿನ್ಯಾಸ ಮಾಡುವವನಾಗಿ ಮುಂದುವರಿಸುತ್ತೇನೆ. ಶವಾಗಾರದ ದೃಶ್ಯಕ್ಕೆ ಪಿಟೀಲು ಕೀರಲಿಸುವ ಹಿನ್ನೆಲೆ ಸಂಗೀತ ಬೇಡವೇ ಬೇಡ. ಹತ್ತು ನಿಮಿಷ ಯಂತ್ರದ ಗುಂಯ್‌ಗಾಟ ಕೇಳಿಸಿ, ಪ್ರೇಕ್ಷಕರ ಕಿವಿ ಅದನ್ನು ಮರೆಯಲಿ. ಆಮೇಲೆ ಥಟ್ಟನೆ ನಿಲ್ಲಿಸಿ. ಕಂಪ್ರೆಸರ್ ತಾಪಮಾನ ಮುಟ್ಟಿದ ಮೇಲೆ ತಾನಾಗಿಯೇ ನಿಲ್ಲುತ್ತದೆ, ಆದ್ದರಿಂದ ಇದು ಮೋಸವೂ ಆಗುವುದಿಲ್ಲ. ಆ ಖಾಲಿತನದಲ್ಲಿ ಕೇಳುವ ಮೊದಲ ಸಣ್ಣ ಸದ್ದು, ಅದು ನಲ್ಲಿಯ ಹನಿಯೇ ಆಗಿರಲಿ, ಕುರ್ಚಿಯಿಂದ ಎಬ್ಬಿಸುತ್ತದೆ.

ಕೊನೆಯ ಸಾಲು

ಇದನ್ನು ಯಾರಾದರೂ ನಿರ್ಮಾಪಕರಿಗೆ ಕೇಳಿಸಿ. ಬಾಗಿಲು ಕಿರ್ರೆಂದರೆ ಡೋಲು, ಬೆಕ್ಕು ಹಾರಿದರೆ ಡೋಲು. ಕಿವಿ ಹೋಯಿತು.

ಹಳೆಯ ಪುಟ

ಕೀಲಿಯ ಬಗ್ಗೆ ಎಲ್ಲರೂ ಹೇಳಿದಿರಿ, ಆ ಎಚ್ಚರಿಕೆ ಗಂಟೆಯನ್ನು ಬಿಟ್ಟಿರಿ. ಶವಾಗಾರದಲ್ಲಿ ಯಾರಾದರೂ ಬದುಕಿ ಎದ್ದರೆ ಎಳೆಯಲಿ ಎಂದು ಒಂದು ಹಗ್ಗ. ಎಳೆದರೆ ಕಾವಲುಗಾರನ ಕೋಣೆಯಲ್ಲಿ ಅಲಾರಂ. ಹಳಬ ಇದನ್ನು ಹೊಸಬನಿಗೆ ತಿಳಿಸಿಕೊಡುವಾಗ ಪ್ರೇಕ್ಷಕರು ನಗುತ್ತಾರೆ. ಅದು ಹೊಡೆದುಕೊಂಡಾಗ ಯಾರೂ ನಗುವುದಿಲ್ಲ, ಕೊನೆಗೆ ಅದು ಮಾರ್ಟಿನ್‌ನ ಗೆಳೆಯ ಯೆನ್ಸ್‌ನ ಕೀಟಲೆ ಎಂದು ತಿಳಿದ ಮೇಲೂ.

ಇದು ಕಥೆಗಾರನ ಕಟ್ಟುಕಥೆ ಎಂದುಕೊಳ್ಳಬೇಡಿ. 18ನೇ ಶತಮಾನದ ಕೊನೆಯ ದಶಕದಲ್ಲಿ ಕ್ರಿಸ್ಟೋಫ್ ವಿಲ್ಹೆಲ್ಮ್ ಹೂಫೆಲಾಂಡ್ ಎಂಬ ವೈದ್ಯನ ಒತ್ತಾಸೆಯಿಂದ ಜರ್ಮನಿಯ ವೈಮಾರ್‌ನಲ್ಲಿ 'ಕಾಯುವ ಶವಾಗಾರ' ಕಟ್ಟಿದರು. ಜೀವಂತವಾಗಿ ಹೂತುಹೋಗುವ ಭಯ ಆ ಕಾಲದ ದೊಡ್ಡ ಭಯ. ಸಾವಿಗೆ ಕೊಳೆಯುವಿಕೆಯೊಂದೇ ಖಚಿತ ಗುರುತು ಎಂದು ನಂಬಿ, ಅದು ಕಾಣುವವರೆಗೆ ದೇಹಗಳನ್ನು ಬೆಚ್ಚಗಿನ ಕೋಣೆಯಲ್ಲಿ ಇಡುತ್ತಿದ್ದರು. 19ನೇ ಶತಮಾನದಲ್ಲಿ ಮ್ಯೂನಿಕ್ ಮೊದಲಾದ ನಗರಗಳಿಗೂ ಇದು ಹಬ್ಬಿತು. ಬೆರಳಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಾವಲುಗಾರನ ಕೋಣೆಯ ಗಂಟೆಗೆ ಜೋಡಿಸುತ್ತಿದ್ದರು. ಗಂಟೆ ಆಗಾಗ ಬಾರಿಸುತ್ತಿತ್ತಂತೆ. ಕೊಳೆಯುವ ದೇಹ ಉಬ್ಬಿ ಅಲುಗಿದರೆ ದಾರ ಎಳೆದುಕೊಳ್ಳುತ್ತದೆ. ಪ್ರತಿ ಸಲವೂ ಕಾವಲುಗಾರ ಎದ್ದು ಹೋಗಿ ನೋಡಲೇಬೇಕು.

ಇಂಥ ರಾತ್ರಿ ಪಾಳಿಯ ಮುಂದೆ ಮಾರ್ಟಿನ್‌ನ ಕೆಲಸ ಎಷ್ಟೋ ವಾಸಿ.

ಕತ್ತಲಕೋಣೆ

ಇದು ನನಗೆ ಹೊಸದು. 2016ರ 'ದಿ ಆಟಾಪ್ಸಿ ಆಫ್ ಜೇನ್ ಡೋ' ಚಿತ್ರದಲ್ಲಿ ಹೆಣದ ಕಾಲಿಗೆ ಕಟ್ಟಿದ ಪುಟ್ಟ ಗಂಟೆಯೂ ಇದೇ ಭಯದ ಮರಿಮಗು ಇರಬೇಕು. ಅದರಲ್ಲಿ ಸರಣಿ ಹಂತಕನಿಲ್ಲ, ಆದರೆ ಈ ಚರ್ಚೆಗೆ ಬೇಕಾದ ಚಿತ್ರ. ಆಂದ್ರೆ ಓವ್ರೆಡಾಲ್ ನಿರ್ದೇಶನ. ಅಪ್ಪ, ಮಗ (ಬ್ರಯಾನ್ ಕಾಕ್ಸ್, ಎಮಿಲ್ ಹರ್ಷ್) ಗುರುತಿಲ್ಲದ ಹೆಣ್ಣಿನ ದೇಹವೊಂದರ ಪರೀಕ್ಷೆಗೆ ಇಳಿಯುತ್ತಾರೆ. ಹೊರಗೆ ಒಂದು ಗಾಯವಿಲ್ಲ, ಒಳಗೆ ಎಲ್ಲವೂ ಛಿದ್ರ. ಪರೀಕ್ಷೆಯ ಒಂದೊಂದು ಹಂತವೂ ಒಂದೊಂದು ಸುಳಿವು, ಒಂದೊಂದು ಸುಳಿವೂ ಹಿಂದಿನದಕ್ಕೆ ವಿರುದ್ಧ. ಆ ಮೊದಲ ಅರ್ಧಕ್ಕೆ ಸಾಟಿಯಿಲ್ಲ. ದೀಪ ಆರಿ, ಬೇರೆ ಹೆಣಗಳು ಎದ್ದು ಓಡಾಡತೊಡಗಿದ ಮೇಲೆ ಅದು ಎಲ್ಲರೂ ಮಾಡುವ ಸಿನಿಮಾ ಆಗುತ್ತದೆ. ಕತ್ತರಿ, ಚಿಮ್ಮಟಗಳನ್ನು ಕೆಳಗಿಟ್ಟ ಕ್ಷಣದಲ್ಲಿಯೇ ಭಯವೂ ಕೆಳಗಿಳಿಯಿತು.

ಲ್ಯಾಬ್ ಕೋಟು

ಆ ಹೆಣದ ಪಾತ್ರ ಮಾಡಿದ ಓಲ್ವೆನ್ ಕೆಲ್ಲಿಗೆ ನನ್ನ ನಮಸ್ಕಾರ. ಉಸಿರು ಹಿಡಿತಕ್ಕೆ ಯೋಗಾಭ್ಯಾಸ ನೆರವಾಯಿತಂತೆ. ಬೊಂಬೆ ಇಟ್ಟಿದ್ದರೆ ಆ ಚಿತ್ರ ನಿಲ್ಲುತ್ತಿರಲಿಲ್ಲ.

ಸಂಶಯಾತ್ಮ

ಎಲ್ಲರೂ ಭಯದ ಕುಶಲಕಲೆಯ ಬಗ್ಗೆ ಮಾತನಾಡುತ್ತಿದ್ದೀರಿ. ನನಗೆ ಬೇರೆಯದೊಂದು ಕಿರಿಕಿರಿ. ಶವಾಗಾರದ ಮೇಜಿನ ಮೇಲೆ ಯಾವಾಗಲೂ ಎಳೆಯ ವಯಸ್ಸಿನ, ಸುಂದರ, ಬೆತ್ತಲೆ ಹೆಣ್ಣು ದೇಹವೇ ಏಕೆ? 'ನಾಟೆವಾಗ್ಟೆನ್'ನಲ್ಲಿ ಸಾಯುವ ಹೆಂಗಸರಲ್ಲಿ ಎಷ್ಟು ಮಂದಿಯ ಬದುಕು ನಮಗೆ ಗೊತ್ತಾಗುತ್ತದೆ? ಹಂತಕನಿಗೆ ಒಂದು ಮನಸ್ಸು, ನಾಯಕನಿಗೆ ಒಂದು ಪ್ರೇಮ, ಸತ್ತವಳಿಗೆ ಕಾಲ್ಬೆರಳಿನ ಚೀಟಿ.

ನೋಡುವ ನಾವೂ ಸಂಭಾವಿತರಲ್ಲ ಬಿಡಿ. 19ನೇ ಶತಮಾನದ ಪ್ಯಾರಿಸ್ ಶವಾಗಾರದಲ್ಲಿ ಗುರುತಿಲ್ಲದ ದೇಹಗಳನ್ನು ಗಾಜಿನ ಹಿಂದೆ ಇಡುತ್ತಿದ್ದರು. ಗುರುತು ಹಿಡಿಯಲಿ ಎಂಬುದು ಉದ್ದೇಶ, ಬಂದವರು ಮೋಜು ನೋಡುವವರು. ಸಂಸಾರ ಸಮೇತ ಬರುತ್ತಿದ್ದರು. 1907ರಲ್ಲಿ ಸಾರ್ವಜನಿಕರಿಗೆ ಬಾಗಿಲು ಮುಚ್ಚಿದರು. ಆಮೇಲೆ ಆ ಜನ ಎಲ್ಲಿಗೆ ಹೋದರು? ಟಿಕೆಟ್ ಕೊಂಡು ಚಿತ್ರಮಂದಿರಕ್ಕೆ.

ಕೊನೆಯ ಸಾಲು

ಸಂಶಯಾತ್ಮ ಸರ್, ಅಷ್ಟು ಕಟುವಾಗಿ ನೋಡಿದರೆ ಪತ್ತೇದಾರಿ ಸಾಹಿತ್ಯವನ್ನೆಲ್ಲ ಒಲೆಗೆ ಹಾಕಬೇಕಾಗುತ್ತದೆ.

ಸಂಶಯಾತ್ಮ

ಒಲೆಗೆ ಹಾಕಿ ಎಂದು ಹೇಳಲಿಲ್ಲವಲ್ಲ. ಸತ್ತವಳ ಬಗ್ಗೆ ಎರಡು ಮಾತು ಹೆಚ್ಚು ಬರೆಯಿರಿ ಎಂದೆ. ಅದಕ್ಕೆ ಕಾಗದ ಬಹಳ ಬೇಕಾಗುವುದಿಲ್ಲ.

ಲ್ಯಾಬ್ ಕೋಟು

ಇದರಲ್ಲಿ ನಾನು ಸಂಶಯಾತ್ಮರ ಕಡೆ. ಶವಪರೀಕ್ಷೆ ಎಂಬುದೇ ಸತ್ತವರ ಕಡೆಯ ಹೇಳಿಕೆ ದಾಖಲಿಸುವ ಕೆಲಸ. ಸಿನಿಮಾದವರು ಕೈಗೆ ಸಿಕ್ಕಿದ ಈ ಚಿನ್ನವನ್ನು ಬಿಟ್ಟು ಹೆಣದ ಕಣ್ಣು ತೆರೆಸುವುದರಲ್ಲಿಯೇ ಇದ್ದಾರೆ.

ಒಂದು ಉದಾಹರಣೆ. ಆಳದಲ್ಲಿ ರಕ್ತ ಹೆಪ್ಪುಗಟ್ಟಿದ ಪೆಟ್ಟು ಸತ್ತ ದಿನ ಚರ್ಮದ ಮೇಲೆ ಕಾಣದೆ ಹೋಗಬಹುದು. ಒಂದೆರಡು ದಿನ ಕಳೆದ ಮೇಲೆ, ಅದರಲ್ಲಿಯೂ ಪರೀಕ್ಷೆಯ ಹೊತ್ತಿಗೆ ದೇಹದಿಂದ ರಕ್ತ ಇಳಿದ ಮೇಲೆ, ಅದು ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ಅನುಮಾನದ ಸಾವುಗಳಲ್ಲಿ ವೈದ್ಯರು ಮಾರನೆಯ ದಿನ ಮತ್ತೆ ಬಂದು ದೇಹ ನೋಡುವುದು ಇದಕ್ಕಾಗಿಯೇ. ಈಗ ಯೋಚಿಸಿ: ರಾತ್ರಿ ಕಾವಲುಗಾರ ನಿನ್ನೆ ನೋಡಿದ ಕುತ್ತಿಗೆ ಸ್ವಚ್ಛವಾಗಿತ್ತು. ಇಂದು ನೋಡಿದರೆ ಐದು ಬೆರಳಿನ ಗುರುತು. ಅವನಿಗೆ ಶಾಸ್ತ್ರ ಗೊತ್ತಿಲ್ಲ. ತನ್ನ ಪಾಳಿಯಲ್ಲಿ ಯಾರೋ ಒಳಗೆ ಬಂದು ಹೆಣದ ಕತ್ತು ಹಿಸುಕಿದ್ದಾರೆ ಎಂದುಕೊಳ್ಳುತ್ತಾನೆ. ಹಗಲಿನ ವೈದ್ಯರು ಇದು ಸಹಜ ಸಾವು ಎಂದು ಬರೆದು ಮುಗಿಸಿದ್ದಾರೆ. ಯಾರಿಗೆ ಹೇಳಬೇಕು?

ಕತ್ತಲಕೋಣೆ

ಮೇಡಂ, ಇದು ನೀವು ಚಿತ್ರಕಥೆ ಬರೆಯಲೇಬೇಕಾದ ವಿಷಯ. ದೆವ್ವವಿಲ್ಲ, ಮೋಸವಿಲ್ಲ, ಆದರೂ ಹೆಣ ಮಾತನಾಡಿದೆ. ಆ ಗುರುತು ಮೂಡುವುದನ್ನು ಕ್ಯಾಮೆರಾ ತೋರಿಸಲೂಬಾರದು, ಎರಡು ರಾತ್ರಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೋರಿಸಬೇಕು.

ಲ್ಯಾಬ್ ಕೋಟು

ಇನ್ನೊಂದು ಸೇರಿಸಿ. ಕತ್ತು ಹಿಸುಕಿದ ಅನುಮಾನವಿದ್ದರೆ ಕುತ್ತಿಗೆಯ ಭಾಗವನ್ನು ಕೊನೆಗೆ ಬಿಡಿಸುತ್ತಾರೆ. ಮೊದಲು ತಲೆ, ಎದೆಯ ಅಂಗಗಳನ್ನು ತೆಗೆದು ಅಲ್ಲಿನ ರಕ್ತ ಬಸಿದುಹೋಗಲು ಬಿಡುತ್ತಾರೆ, ಇಲ್ಲದಿದ್ದರೆ ಕೊಯ್ಯುವಾಗ ಹರಡಿದ ರಕ್ತವೇ ಗಾಯದಂತೆ ಕಂಡು ದಾರಿ ತಪ್ಪಿಸುತ್ತದೆ. ಆ ಕ್ರಮ ಗೊತ್ತಿರುವ ಒಳಗಿನವನೊಬ್ಬ ಬೇಕೆಂದೇ ಕ್ರಮ ತಪ್ಪಿಸಿದರೆ ಸಾಕ್ಷ್ಯ ಕೆಡುತ್ತದೆ, ಹೊರಗಿನವರಿಗೆ ಅದು ಅಜಾಗರೂಕತೆಯಂತೆ ಕಾಣುತ್ತದೆ. ತಾಪಮಾನವೂ ಹಾಗೆಯೇ. ದೇಹ ತಣ್ಣಗಾಗುವ ವೇಗದಿಂದ ಸಾವಿನ ಹೊತ್ತನ್ನು ಅಂದಾಜಿಸುತ್ತಾರೆ. ಅಳೆಯುವ ಮುಂಚೆಯೇ ಯಾರಾದರೂ ದೇಹವನ್ನು ನಾಲ್ಕು ಡಿಗ್ರಿಯ ಕೋಣೆಗೆ ತಳ್ಳಿದರೆ ಆ ಲೆಕ್ಕವೆಲ್ಲ ಅಡಿಮೇಲು. ನಿಮ್ಮ ಹಂತಕನಿಗೆ ಚಾಕು ಏಕೆ, ಥರ್ಮೋಸ್ಟಾಟ್ ಸಾಕು.

ಹಳೆಯ ಪುಟ

ಒಂದು ಆಕ್ಷೇಪವಿದೆ. ನಿಜವಾದ ಜಾಣ ಹಂತಕ ಶವಾಗಾರದ ಹತ್ತಿರ ಸುಳಿಯುವುದಿಲ್ಲ, ಹೆಣವೂ ಅಲ್ಲಿಗೆ ಹೋಗದಂತೆ ನೋಡಿಕೊಳ್ಳುತ್ತಾನೆ. ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಶಿಪ್‌ಮನ್ ಮಾಡಿದ್ದು ಅದನ್ನೇ. ತನ್ನ ರೋಗಿಗಳನ್ನು ಡೈಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ ಚುಚ್ಚಿ ಕೊಂದು, ಮರಣ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕುತ್ತಿದ್ದ. ವಯಸ್ಸಾದವರು, ಮನೆಯಲ್ಲಿ ಸತ್ತರು, ಡಾಕ್ಟರು ಬರೆದುಕೊಟ್ಟರು, ಶವಪರೀಕ್ಷೆ ಏಕೆ? ದಹನಕ್ಕೆ ಎರಡನೇ ವೈದ್ಯರ ಸಹಿ ಬೇಕಿತ್ತು, ಅವರೂ ನಂಬಿ ಹಾಕಿದರು. ಕೊನೆಗೆ ಒಂದು ನಕಲಿ ಉಯಿಲಿನಿಂದ ಸಂಶಯ ಹುಟ್ಟಿ, ಹೂತ ದೇಹವನ್ನು ಹೊರತೆಗೆದು ಪರೀಕ್ಷಿಸಿದಾಗ ಮದ್ದು ಸಿಕ್ಕಿತು. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ಆಮೇಲಿನ ಅಧಿಕೃತ ವಿಚಾರಣೆ 215 ಮಂದಿಯನ್ನು ಅವನೇ ಕೊಂದನೆಂದು ಹೇಳಿತು.

ಅವನಿಗೆ ಭಯವಿದ್ದದ್ದು ಪೊಲೀಸರದ್ದಲ್ಲ, ಆ ಮೇಜಿನದು.

ಸಂಶಯಾತ್ಮ

ಹಾಗಾದರೆ ಶವಾಗಾರದೊಳಗೇ ಓಡಾಡುವ ಕೊಲೆಗಾರ ಎಂಬುದು ಶುದ್ಧ ಸಿನಿಮಾ ಕಲ್ಪನೆ?

ಹಳೆಯ ಪುಟ

ಹಾಗೆ ಹೇಳಲು ಆಗುವುದಿಲ್ಲ, ದುರದೃಷ್ಟ. ಇಂಗ್ಲೆಂಡಿನದೇ ಕೆಂಟ್ ಪ್ರದೇಶದ ಆಸ್ಪತ್ರೆಗಳಲ್ಲಿ ನಿರ್ವಹಣಾ ಸಿಬ್ಬಂದಿಯಾಗಿದ್ದ ಡೇವಿಡ್ ಫುಲ್ಲರ್ 1987ರಲ್ಲಿ ಇಬ್ಬರು ಯುವತಿಯರನ್ನು ಕೊಂದಿದ್ದ. 2020ರ ಡಿಸೆಂಬರಿನಲ್ಲಿ ಡಿಎನ್‌ಎ ಸುಳಿವಿನಿಂದ ಸಿಕ್ಕಿಬಿದ್ದ. ಮನೆ ಶೋಧಿಸಿದಾಗ, ಅವನು ವರ್ಷಗಟ್ಟಲೆ ಶವಾಗಾರದಲ್ಲಿ ಮೃತದೇಹಗಳ ಮೇಲೆ ದೌರ್ಜನ್ಯ ಎಸಗಿದ್ದಕ್ಕೆ ಪುರಾವೆ ಸಿಕ್ಕಿತು. ವಿವರಕ್ಕೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. 2023ರಲ್ಲಿ ಬಂದ ವಿಚಾರಣಾ ವರದಿಯ ಒಂದು ಅಂಕಿ ಸಾಕು: ಒಂದೇ ವರ್ಷದಲ್ಲಿ ಅವನು 444 ಬಾರಿ ಶವಾಗಾರದೊಳಗೆ ಹೋಗಿದ್ದ. ಬಾಗಿಲು ಒಡೆದಿರಲಿಲ್ಲ. ಅವನ ಕಾರ್ಡಿಗೆ ಬಾಗಿಲು ತೆರೆಯುತ್ತಿತ್ತು, ಏಕೆ ಬಂದೆ ಎಂದು ಯಾರೂ ಕೇಳಿರಲಿಲ್ಲ.

ಕತ್ತಲಕೋಣೆ

ಮೈ ಜುಮ್ಮೆಂದಿತು. ನಾನು ವೋರ್ಮರ್ ಬಗ್ಗೆ ಹೇಳುತ್ತಿದ್ದದ್ದು ಇದನ್ನೇ, ಆದರೆ ವಾಸ್ತವ ಇಷ್ಟು ಹತ್ತಿರವಿದೆ ಎಂದು ತಿಳಿದಿರಲಿಲ್ಲ. ಮಾರ್ಟಿನ್‌ಗೆ ಕೆಲಸ ವಹಿಸಿಕೊಡುವ ಹಳಬನೂ ಅಲ್ಲಿ ಹಿಂದೆ ಕಾವಲಿಗಿದ್ದವನೊಬ್ಬನ ಅಸಹ್ಯದ ಪ್ರಕರಣವನ್ನು ಹೇಳುತ್ತಾನೆ. ನೋಡುವಾಗ ಅದು ಹೊಸಬನನ್ನು ಹೆದರಿಸುವ ಮಾತಿನಂತೆ ಇದೆ. ಆಮೇಲೆ ಹಂತಕ ಮಾರ್ಟಿನ್‌ನನ್ನು ಸಿಕ್ಕಿಸಲು ಹೊರಟಾಗ ಆ ಹಳೆಯ ಕಳಂಕವೇ ನಮ್ಮ ತಲೆಗೆ ಬರುತ್ತದೆ. ಶವಾಗಾರದಲ್ಲಿ ಒಬ್ಬಂಟಿ ಕೆಲಸ ಮಾಡುವವನ ಮೇಲೆ ಜನ ಏನನ್ನು ಬೇಕಾದರೂ ನಂಬುತ್ತಾರೆ.

ಧ್ವನಿಪಥ

ಮರುನಿರ್ಮಾಣದ ಬಗ್ಗೆ ಯಾರೂ ಮಾತನಾಡಲಿಲ್ಲ. 1997ರದು, ಅದೇ ಬೋರ್ನೆಡಾಲ್, ಇವಾನ್ ಮೆಕ್‌ಗ್ರೆಗರ್ ಕಾವಲುಗಾರ, ನಿಕ್ ನೋಲ್ಟಿ ಪೊಲೀಸ್. ಚಿತ್ರಕಥೆಯಲ್ಲಿ ಸ್ಟೀವನ್ ಸೋಡರ್‌ಬರ್ಗ್ ಕೈ ಇದೆ. ಹೆಸರುಗಳ ಪಟ್ಟಿ ನೋಡಿದರೆ ಮೂಲವನ್ನು ಮೀರಬೇಕಿತ್ತು.

ಕೊನೆಯ ಸಾಲು

ಮೀರಲಿಲ್ಲ. ಕಟ್ಟಡವೇ 'ನಾನು ಭಯಾನಕ' ಎಂದು ಕೂಗುತ್ತದೆ. ಮೂಲದಲ್ಲಿ ಅದು ಬೇಸರ ಹುಟ್ಟಿಸುವ ಸರ್ಕಾರಿ ಕಟ್ಟಡ, ಅದಕ್ಕೇ ನಂಬಿಕೆ ಬರುತ್ತದೆ. ಜೊತೆಗೆ ಮೂಲದ ಗೆಳೆಯರಿಬ್ಬರ ಪೋಲಿತನ, ಒಬ್ಬರಿಗೊಬ್ಬರು ಸವಾಲು ಹಾಕುವ ಹುಚ್ಚಾಟ, ಅದರಲ್ಲಿ ಯೆನ್ಸ್ ಆಗಿದ್ದ ಕಿಮ್ ಬೋಡ್ನಿಯಾನ ತುಂಟ ಮುಖ, ಇವು ಮರುನಿರ್ಮಾಣದಲ್ಲಿ ಪಾಠ ಒಪ್ಪಿಸಿದಂತಿವೆ.

ಸಂಶಯಾತ್ಮ

2023ರ ಮುಂದುವರಿದ ಭಾಗ ನೋಡಿದಿರಾ? ಮಾರ್ಟಿನ್‌ನ ಮಗಳು ಎಮ್ಮಾ, ವೈದ್ಯಕೀಯ ವಿದ್ಯಾರ್ಥಿನಿ, ಅದೇ ಶವಾಗಾರದ ರಾತ್ರಿ ಕಾವಲಿಗೆ ಸೇರುತ್ತಾಳೆ. ಆ ಪಾತ್ರ ಮಾಡಿರುವುದು ನಿರ್ದೇಶಕರ ಮಗಳು ಫ್ಯಾನಿ ಲಿಯಾಂಡರ್ ಬೋರ್ನೆಡಾಲ್. ಥ್ರಿಲ್ಲರ್ ಆಗಿ ಸಾಧಾರಣ, ಒಪ್ಪುತ್ತೇನೆ. ಆದರೆ ಮೊದಲ ಚಿತ್ರ ನಗುತ್ತಾ ಮುಗಿಸಿದ ಕಥೆಗೆ ಮೂವತ್ತು ವರ್ಷಗಳ ಬಳಿಕ ಬೆಲೆ ಕಟ್ಟಿಸುತ್ತದೆ. ತಾಯಿ ಇಲ್ಲ, ತಂದೆ ಮಾತ್ರೆಗಳ ಮೇಲೆ ಬದುಕಿದ್ದಾನೆ, ಮನೆಯಲ್ಲಿ ಆ ರಾತ್ರಿಯ ಮಾತು ಆಡುವಂತಿಲ್ಲ. ಹಂತಕನಿಂದ ಪಾರಾದವರು ಪಾರಾಗಿಯೇ ಇರುತ್ತಾರೆ ಎಂಬ ಸಿನಿಮಾ ನಂಬಿಕೆಯನ್ನು ಅದು ಮುರಿಯುತ್ತದೆ. ನನಗೆ ಬೇಕಿದ್ದ ಎರಡು ಮಾತು ಹೆಚ್ಚು ಅಲ್ಲಿ ಸಿಕ್ಕಿತು, ಸತ್ತವರಿಗಲ್ಲದಿದ್ದರೂ ಉಳಿದವರಿಗೆ.

ಕೊನೆಯ ಸಾಲು

ವೋರ್ಮರ್‌ನನ್ನು ಮತ್ತೆ ಕರೆತಂದದ್ದು ಅನಗತ್ಯ. ಎಮ್ಮಾ ಅವನನ್ನು ನೋಡಲು ಹೋಗುವುದೇ ನನಗೆ ಒಪ್ಪಿಗೆಯಾಗಲಿಲ್ಲ. ಮತ್ತೆ ಅದೇ ಪ್ರಶ್ನೆ, ಕತ್ತಲಕೋಣೆಯವರೇ: 'ಅಮ್ಮಾ, ನೀನು ಅಲ್ಲಿಗೆ ಹೋಗುವುದಾದರೂ ಏಕೆ?'

ಕತ್ತಲಕೋಣೆ

ಒಪ್ಪಿದೆ. ಅಪ್ಪನಿಗೆ ಹೋಗಲು ಸಂಬಳದ ಕಾರಣವಿತ್ತು. ಮಗಳಿಗೆ ಚಿತ್ರಕಥೆ ಕೊಟ್ಟ ಕಾರಣ ತೆಳುವಾಯಿತು. ಎಮ್ಮಾ ಮಾಡುವ ಗಸ್ತಿನ ದೃಶ್ಯಗಳಿಗೂ ಹಳೆಯ ಬಿಗಿ ಇಲ್ಲ, ಕೆಲಸಕ್ಕಿಂತ ಪತ್ತೇದಾರಿಕೆಯೇ ಹೆಚ್ಚು.

ಧ್ವನಿಪಥ

ಲ್ಯಾಬ್ ಕೋಟು ಮೇಡಂ, ಆ ಐದು ಬೆರಳಿನ ಕಥೆಗೆ ಒಂದು ಪ್ರಶ್ನೆ. ಎರಡನೆಯ ರಾತ್ರಿ ಕಾವಲುಗಾರ ಹೊದಿಕೆ ಎತ್ತಿ ನೋಡಲು ಕಾರಣ ಬೇಕಲ್ಲವೇ? ಸುಮ್ಮನೆ ಕುತೂಹಲಕ್ಕೆ ಎತ್ತಿದರೆ ಪ್ರೇಕ್ಷಕರ ಮರುಕ ಕಳೆದುಕೊಳ್ಳುತ್ತಾನೆ.

ಲ್ಯಾಬ್ ಕೋಟು

ಕಾರಣ ಡ್ಯೂಟಿಯಲ್ಲಿಯೇ ಇದೆ. ಪಾಳಿ ಬದಲಾಗುವಾಗ ದೇಹಗಳ ಸಂಖ್ಯೆ, ಚೀಟಿಯ ಹೆಸರು, ವಹಿಯ ಹೆಸರು ತಾಳೆ ನೋಡಿ ಸಹಿ ಹಾಕುವ ನಿಯಮ ಇಡಿ. ಚೀಟಿ ಕಾಲಿನಲ್ಲಿ ಇರುವುದರಿಂದ ಮುಖ ನೋಡಬೇಕಾಗಿಲ್ಲ. ಆದರೆ ಆ ರಾತ್ರಿ ಚೀಟಿ ಕಾಲಿನಲ್ಲಿ ಇಲ್ಲ, ಮಣಿಕಟ್ಟಿಗೆ ಕಟ್ಟಿದ್ದಾರೆ. ಯಾರು ಬದಲಾಯಿಸಿದರು ಎಂಬುದನ್ನು ನೀವು ಬರೆಯಿರಿ, ನನಗೆ ನಾಳೆ ಬೆಳಗಿನ ಪಾಳಿ.